ಶುದ್ಧ ಶಕ್ತಿಯೂ ಭೂತಾಯಿಯ ಋಣವೂ

ಕ್ರಿ.ಶ. 1902ರ ಜೂನ್ ತಿಂಗಳ ಕೊನೆಯಲ್ಲಿ, ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ಉತ್ಪನ್ನವಾದ ವಿದ್ಯುತ್ತು, ಸುಮಾರು 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಆ ಕಾಲದಲ್ಲಿ ಜಗತ್ತೇ ಬೆರಗಾಗಿ ನೋಡಿದ ಸಾಹಸವಾಗಿತ್ತು. ಹೊಗೆಯಿಲ್ಲದ, ಬೂದಿಯಿಲ್ಲದ ಆ ಶಕ್ತಿಯು ನಮ್ಮ ನಾಡಿನಲ್ಲಿ ಮೊಟ್ಟಮೊದಲು ಅರಸಿಕೊಂಡು ಹೋದದ್ದು ಒಂದು ಗಣಿಯನ್ನು. ನೂರಿಪ್ಪತ್ತು ವರ್ಷಗಳು ಉರುಳಿದ ಮೇಲೆ ಸಂದರ್ಭವು ತಿರುವುಮುರುವಾಗಿದೆ. ಹೊಗೆಯಿಲ್ಲದ ಶಕ್ತಿ ಬೇಕಾದರೆ ಮೊದಲು ಗಣಿಯನ್ನೇ ಅಗೆಯಬೇಕಾದ ಕಾಲವು ಈಗ ಬಂದಿದೆ.

ಕಲ್ಲಿದ್ದಲು ಹಾಗೂ ಪೆಟ್ರೋಲಿಯಂ ತೈಲಗಳನ್ನು ಉರಿಸಿದ್ದರಿಂದ ವಾಯುಮಂಡಲದಲ್ಲಿ ಇಂಗಾಲಾಮ್ಲ ಅನಿಲವು ಹೆಚ್ಚಿ, ಭೂಮಿಯ ತಾಪವು ಏರುತ್ತಿರುವುದು ನಿರ್ವಿವಾದವಾದ ಸಂಗತಿ. ಆದ್ದರಿಂದ ಸೂರ್ಯನ ಬಿಸಿಲಿನಿಂದಲೂ ಬೀಸುವ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯಬೇಕೆಂಬ ಪ್ರಯತ್ನವು ಲೋಕದಾದ್ಯಂತ ನಡೆದಿದೆ. ಬಿಸಿಲೂ ಗಾಳಿಯೂ ದೇವರು ಕೊಟ್ಟ ಬಿಟ್ಟಿ ಸಂಪತ್ತು; ಅವುಗಳಿಗೆ ಗಣಿಯ ಅವಶ್ಯಕತೆ ಎಲ್ಲಿಯದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಬಿಸಿಲು ಬಿಟ್ಟಿಯೇ ಸರಿ. ಆದರೆ ಅದನ್ನು ಹಿಡಿಯುವ ಬಲೆಯು ಬಿಟ್ಟಿಯಲ್ಲ. ಆ ಬಲೆಯು ಯಾವ ವಸ್ತುಗಳಿಂದ ಹೆಣೆಯಲ್ಪಟ್ಟಿದೆ, ಆ ವಸ್ತುಗಳು ಯಾರ ನೆಲದಿಂದ ಬರುತ್ತಿವೆ, ಅವನ್ನು ತೆಗೆಯುವಾಗ ಪಾಲಿಸಬೇಕಾದ ಧರ್ಮವೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಶಕ್ತಿಗೆ ಬೇಕಾದ ಲೋಹಗಳು

ಸೌರಫಲಕದಲ್ಲಿ ಸಿಲಿಕಾನ್, ಬೆಳ್ಳಿ, ತಾಮ್ರ ಹಾಗೂ ಅಲ್ಯೂಮಿನಿಯಂಗಳಿವೆ. ಗದಗ, ಚಿತ್ರದುರ್ಗ ಜಿಲ್ಲೆಗಳ ಬೆಟ್ಟಸಾಲುಗಳ ಮೇಲೆ ನಾವು ಕಾಣುವ ಗಾಳಿಯಂತ್ರಗಳ ಎತ್ತರದ ಕಂಬವು ಉಕ್ಕಿನದು. ಉಕ್ಕೆಂದರೆ ಕಬ್ಬಿಣದ ಅದಿರು. ಅನೇಕ ಗಾಳಿಯಂತ್ರಗಳಲ್ಲಿಯೂ ವಿದ್ಯುತ್ ವಾಹನಗಳ ಮೋಟಾರುಗಳಲ್ಲಿಯೂ ಇರುವ ಬಲವಾದ ಅಯಸ್ಕಾಂತಗಳಿಗೆ ನಿಯೋಡಿಮಿಯಂ ಎಂಬ ವಿರಳ ಮೃತ್ತಿಕೆಯ ಲೋಹವು ಬೇಕು. ಹಗಲಿನ ಬಿಸಿಲನ್ನು ರಾತ್ರಿಗೆ ಕಾಯ್ದಿರಿಸುವ, ವಾಹನಗಳನ್ನು ಓಡಿಸುವ ಬ್ಯಾಟರಿಗಳಿಗೆ ಲಿಥಿಯಂ, ಗ್ರಾಫೈಟ್ ಮತ್ತು ಅವುಗಳ ಬಗೆಗನುಸಾರವಾಗಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್‌ಗಳು ಬೇಕು. ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸುವುದು ತಾಮ್ರ.

ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು 2021ರಲ್ಲಿ ಹೊರತಂದ ವರದಿಯ ಪ್ರಕಾರ, ಉಕ್ಕು ಮತ್ತು ಅಲ್ಯೂಮಿನಿಯಂಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ವಿದ್ಯುತ್ ಕಾರಿಗೆ ಸಾಮಾನ್ಯ ಕಾರಿಗಿಂತ ಆರು ಪಟ್ಟು ಹೆಚ್ಚು ಖನಿಜಗಳು ಬೇಕು. ಲಿಥಿಯಂ ಲೋಹವನ್ನು 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದನು. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದ ಇದನ್ನು ಆಧರಿಸಿದ ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಜಗತ್ತು ಒಂದು ವರ್ಷದಲ್ಲಿ ಅಗೆದು ತೆಗೆಯುವ ಕಲ್ಲಿದ್ದಲು 800 ಕೋಟಿ ಟನ್ನುಗಳಿಗೂ ಮಿಗಿಲು. ಇದರೆದುರು ಲಿಥಿಯಂ, ಕೋಬಾಲ್ಟ್‌ಗಳ ಉತ್ಪಾದನೆಯು ಕೆಲವೇ ಲಕ್ಷ ಟನ್ನು. ಅಲ್ಲದೆ ಕಲ್ಲಿದ್ದಲು ಒಮ್ಮೆ ಉರಿದರೆ ಮುಗಿಯಿತು. ಲೋಹವನ್ನಾದರೋ ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಆದುದರಿಂದ ಗಣಿಯ ದೋಷಗಳನ್ನು ಮುಂದೊಡ್ಡಿ ಹಳೆಯ ಹೊಗೆಯೇ ಲೇಸೆಂದು ವಾದಿಸುವುದು ಸರಿಯಲ್ಲ. ಹಾಗೆಂದು, ಹೊಗೆಯಿಲ್ಲವೆಂಬ ಒಂದೇ ಕಾರಣದಿಂದ ಗಣಿಯ ದೋಷಗಳಿಗೆ ಕಣ್ಣು ಮುಚ್ಚುವುದೂ ಸರಿಯಲ್ಲ.

ಒಂದು ಹಿಡಿ ಲೋಹ, ಒಂದು ರಾಶಿ ಕಸ

ಗಣಿಯ ಸ್ವಭಾವವನ್ನು ಅರಿಯಲು ಒಂದು ಸರಳ ಲೆಕ್ಕ ಸಾಕು. ತಾಮ್ರದ ಅದಿರಿನಲ್ಲಿ ಶೇಕಡಾ 0.6ರಷ್ಟು ತಾಮ್ರವಿದ್ದರೆ, ಒಂದು ಟನ್ ಅದಿರಿನಿಂದ ದೊರೆಯುವುದು ಹೆಚ್ಚೆಂದರೆ 6 ಕಿಲೋಗ್ರಾಂ ತಾಮ್ರ. ಉಳಿದ 994 ಕಿಲೋಗ್ರಾಂ ಕಲ್ಲು ನುಣ್ಣಗೆ ಅರೆಯಲ್ಪಟ್ಟು, ರಾಸಾಯನಿಕಗಳೊಡನೆ ಬೆರೆತು, ಕೆಸರಾಗಿ ಉಳಿಯುತ್ತದೆ. ಅದಿರಿನ ಮೇಲೆ ಹಾಸಿದ್ದ ಮಣ್ಣು ಕಲ್ಲುಗಳ ರಾಶಿಯು ಇದರ ಲೆಕ್ಕಕ್ಕೆ ಸೇರಿಲ್ಲ. ಈ ಕೆಸರನ್ನು ಏರಿ ಕಟ್ಟಿ ನಿಲ್ಲಿಸುವುದು ರೂಢಿ. ಕೆರೆಯ ಏರಿಯು ಒಡೆದರೆ ಏನಾಗುವುದೆಂಬುದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಜನವರಿ 25ರಂದು ಬ್ರೆಜಿಲ್ ದೇಶದ ಬ್ರುಮಾಡಿನ್ಯೋ ಎಂಬಲ್ಲಿ ಕಬ್ಬಿಣದ ಗಣಿಯ ಕೆಸರಿನ ಏರಿಯು ಮಧ್ಯಾಹ್ನದ ಹೊತ್ತಿನಲ್ಲಿ ಒಡೆದು 270 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಗಣಿಯ ಕೆಲಸಗಾರರೇ ಆಗಿದ್ದರು. ಈ ದುರಂತದ ತರುವಾಯ 2020ರಲ್ಲಿ ಇಂತಹ ಏರಿಗಳಿಗೆ ಅಂತಾರಾಷ್ಟ್ರೀಯ ಮಾನದಂಡವೊಂದನ್ನು ರೂಪಿಸಲಾಯಿತು.

ಲಿಥಿಯಂ ತೆಗೆಯುವ ಬಗೆಗಳು ಮುಖ್ಯವಾಗಿ ಎರಡು. ಆಸ್ಟ್ರೇಲಿಯದಲ್ಲಿ ಸ್ಪೊಡುಮಿನ್ ಎಂಬ ಶಿಲೆಯನ್ನು ಅಗೆದು, ಸುಮಾರು ಸಾವಿರ ಡಿಗ್ರಿ ಉಷ್ಣತೆಯಲ್ಲಿ ಕಾಯಿಸಿ, ಗಂಧಕಾಮ್ಲದಿಂದ ಲೋಹವನ್ನು ಬೇರ್ಪಡಿಸುತ್ತಾರೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಾದರೋ ಉಪ್ಪಿನ ಬಯಲಿನ ಅಡಿಯಲ್ಲಿರುವ ಲವಣಜಲವನ್ನು ಮೇಲೆತ್ತಿ, ವಿಶಾಲವಾದ ಮಡುಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಕರಾವಳಿಯ ಉಪ್ಪಿನ ಗದ್ದೆಗಳನ್ನು ನೋಡಿದವರಿಗೆ ಈ ಕ್ರಮವು ಸುಲಭವಾಗಿ ಅರ್ಥವಾದೀತು. ಆದರೆ ಅಟಕಾಮಾ ಪ್ರದೇಶವು ಭೂಮಂಡಲದಲ್ಲೇ ಅತ್ಯಂತ ಒಣನೆಲಗಳಲ್ಲೊಂದು. ಆ ಬಯಲಿನ ಅಂಚಿನಲ್ಲಿ ಸಿಹಿನೀರಿನ ಊಟೆಗಳೂ, ರಾಜಹಂಸಗಳು ಇಳಿಯುವ ಕೊಳಗಳೂ, ಶತಮಾನಗಳಿಂದ ಬಾಳಿರುವ ಮೂಲನಿವಾಸಿಗಳ ಹಳ್ಳಿಗಳೂ ಇವೆ. ಅಡಿಯ ಲವಣಜಲವನ್ನು ಎಡೆಬಿಡದೆ ಎತ್ತಿದರೆ ಅಂಚಿನ ಸಿಹಿನೀರಿಗೆ ಕುತ್ತು ಬಾರದೇ ಎಂಬುದು ಅವರ ಪ್ರಶ್ನೆ. ಒಂದು ಕಂಪನಿಯು 2016ರಲ್ಲಿ ಆ ಸಮುದಾಯಗಳ ಮಂಡಳಿಯೊಡನೆ ಒಪ್ಪಂದ ಮಾಡಿಕೊಂಡು, ತನ್ನ ಮಾರಾಟದ ಶೇಕಡಾ 3.5 ಭಾಗವನ್ನು ಅವರಿಗೆ ಸಲ್ಲಿಸಲು ಸಮ್ಮತಿಸಿತು. ಇದು ಮೆಚ್ಚತಕ್ಕ ಹೆಜ್ಜೆಯೇ ಹೌದು. ಆದರೆ ಹಣವು ಬತ್ತಿದ ಊಟೆಯನ್ನು ತುಂಬಲಾರದೆಂಬುದನ್ನೂ ನೆನಪಿನಲ್ಲಿಡಬೇಕು.

ಕೊಲ್ವೆಜಿಯ ಮಕ್ಕಳು

ಜಗತ್ತಿನ ಕೋಬಾಲ್ಟಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವೊಂದರಿಂದಲೇ ಬರುತ್ತದೆ. ಅದರ ದಕ್ಷಿಣ ಭಾಗದ ಕೊಲ್ವೆಜಿ ನಗರದ ಸುತ್ತಮುತ್ತ ದೊಡ್ಡ ದೊಡ್ಡ ಯಂತ್ರಗಣಿಗಳ ಜೊತೆಗೆ, ಗುದ್ದಲಿ ಹಾರೆಗಳಿಂದ ಸುರಂಗ ತೋಡಿ ಅದಿರು ತೆಗೆಯುವ ಸಾವಿರಾರು ಬಡವರಿದ್ದಾರೆ. ಆಧಾರದ ಕಂಬಗಳಿಲ್ಲದ ಆ ಸುರಂಗಗಳು ಕುಸಿದು ಎಷ್ಟೋ ಜೀವಗಳು ಹೋಗಿವೆ. ದಕ್ಷಿಣ ಕಾಂಗೋದ ಗಣಿಗಳಲ್ಲಿ ಸುಮಾರು 40,000 ಮಕ್ಕಳು ದುಡಿಯುತ್ತಿದ್ದರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯು 2014ರಲ್ಲಿ ಅಂದಾಜು ಮಾಡಿತ್ತು. ಅದಿರನ್ನು ಆರಿಸುವುದು, ತೊಳೆಯುವುದು, ಮೂಟೆ ಹೊರುವುದು ಆ ಮಕ್ಕಳ ಕೆಲಸ. 2016ರಲ್ಲಿ ಆಮ್ನೆಸ್ಟಿ ಸಂಸ್ಥೆಯು ಆ ಅದಿರು ದಲ್ಲಾಳಿಗಳ ಕೈಯಿಂದ ಕೈಗೆ ಸಾಗಿ ನಮ್ಮೆಲ್ಲರ ದೂರವಾಣಿಗಳ ಬ್ಯಾಟರಿಯನ್ನು ಸೇರುವ ದಾರಿಯನ್ನು ಗುರುತಿಸಿ ಲೋಕಕ್ಕೆ ತೋರಿಸಿತು.

ಈ ಶಾಲೆಯ ವಿದ್ಯಾರ್ಥಿಗಳ ವಯಸ್ಸಿನ ಮಕ್ಕಳು ಪುಸ್ತಕ ಹಿಡಿಯುವ ಕೈಯಲ್ಲಿ ಅದಿರಿನ ಮೂಟೆ ಹಿಡಿದಿರುವ ಚಿತ್ರವು ಯಾರ ಮನಸ್ಸನ್ನು ಕಲಕದಿದ್ದೀತು? ಆದರೆ ಇದಕ್ಕೆ ಪರಿಹಾರವು ತೋರುವಷ್ಟು ಸುಲಭವಲ್ಲ. ಕೈಯಿಂದ ತೆಗೆದ ಅದಿರನ್ನು ಕೊಳ್ಳುವುದೇ ಇಲ್ಲವೆಂದು ದೊಡ್ಡ ಕಂಪನಿಗಳು ಬಾಗಿಲು ಮುಚ್ಚಿದರೆ, ಆ ಕುಟುಂಬಗಳ ಒಲೆಯೂ ಆರುತ್ತದೆ. ಮಕ್ಕಳು ಶಾಲೆಗೆ ಬರುವುದರ ಬದಲು ಇನ್ನೂ ಕತ್ತಲಿನ ಕೆಲಸಕ್ಕೆ ಹೋಗಬಹುದು. ಹಿರಿಯರ ಕೆಲಸವನ್ನು ಸುರಕ್ಷಿತಗೊಳಿಸಿ, ಅವರ ಅದಿರಿಗೆ ನ್ಯಾಯವಾದ ತೂಕವನ್ನೂ ಬೆಲೆಯನ್ನೂ ಕೊಟ್ಟು, ಮಗುವನ್ನು ಶಾಲೆಗೆ ಕಳುಹಿಸುವ ಶಕ್ತಿ ಆ ಮನೆಗೆ ಬರುವಂತೆ ಮಾಡುವುದೇ ನಿಜವಾದ ಹೊಣೆಗಾರಿಕೆ. ಇದರ ನಡುವೆ ಕೋಬಾಲ್ಟೇ ಇಲ್ಲದ, ಕಬ್ಬಿಣ ಮತ್ತು ರಂಜಕಗಳನ್ನು ಬಳಸಿದ ಬ್ಯಾಟರಿಗಳು ಬಳಕೆಗೆ ಬಂದಿರುವುದು ಒಂದು ಸಮಾಧಾನದ ಸಂಗತಿ.

ನಮ್ಮ ನಾಡು ಕಲಿತ ಪಾಠ

ದೂರದ ದೇಶಗಳ ಕಥೆಯನ್ನು ಕೇಳಿ ನಿಟ್ಟುಸಿರು ಬಿಡುವ ಮುನ್ನ ನಮ್ಮ ಹಿತ್ತಲನ್ನು ನೋಡಿಕೊಳ್ಳುವುದು ಒಳ್ಳೆಯದು. ಶಿವನಸಮುದ್ರದ ಬೆಳಕು ಹರಿದ ಕೋಲಾರದ ಗಣಿಗಳು ಮೂರು ಕಿಲೋಮೀಟರುಗಳಿಗೂ ಮಿಗಿಲಾದ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನವು ಹೋಯಿತು, ಉದ್ಯೋಗವು ಹೋಯಿತು. ಸೈನೈಡ್ ದಿಬ್ಬಗಳೆಂದು ಜನ ಕರೆಯುವ ಕೆಸರಿನ ಗುಡ್ಡಗಳು ಮಾತ್ರ ಉಳಿದವು. ಗಾಳಿ ಬೀಸಿದಾಗ ಆ ಧೂಳು ಬಡ ಕಾರ್ಮಿಕರ ಸಾಲುಮನೆಗಳ ಮೇಲೆ ಇಳಿಯಿತು. ಗಣಿಯನ್ನು ತೆರೆಯುವ ದಿನವೇ ಅದನ್ನು ಮುಚ್ಚುವ ಕ್ರಮವನ್ನೂ ಯೋಚಿಸಿ, ಅದಕ್ಕೆ ತಕ್ಕ ಹಣವನ್ನು ಬೇರೆಯಾಗಿ ತೆಗೆದಿಡಬೇಕೆಂಬ ನಿಯಮ ಏಕೆ ಬೇಕೆಂಬುದಕ್ಕೆ ಕೋಲಾರಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡನೆಯ ಪಾಠವು ಬಳ್ಳಾರಿಯದು. ಹೊರದೇಶಗಳಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದ ಕಾಲದಲ್ಲಿ ಸಂಡೂರು, ಹೊಸಪೇಟೆಗಳ ಗುಡ್ಡಗಳನ್ನು ಹಗಲಿರುಳೆನ್ನದೆ ಅಗೆಯಲಾಯಿತು. ಗುತ್ತಿಗೆಯ ಗಡಿಗಳು ಅಳಿಸಿಹೋದವು, ಅರಣ್ಯವು ಕರಗಿತು, ಹೊಲದ ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2008 ಮತ್ತು 2011ರಲ್ಲಿ ಸಲ್ಲಿಸಿದ ವರದಿಗಳು ಈ ಅಕ್ರಮವನ್ನು ಬಯಲಿಗೆಳೆದವು. ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಆನಂತರ ನಡೆದ ಕಾರ್ಯವು ಹೆಚ್ಚು ಬೋಧಪ್ರದವಾದುದು. ಪ್ರತಿಯೊಂದು ಗುತ್ತಿಗೆಯನ್ನೂ ಅಳತೆ ಮಾಡಿಸಿ, ಅಕ್ರಮದ ಪ್ರಮಾಣಕ್ಕನುಸಾರವಾಗಿ ಮೂರು ವರ್ಗಗಳನ್ನಾಗಿ ವಿಂಗಡಿಸಲಾಯಿತು. ಅತ್ಯಂತ ಹೆಚ್ಚು ಅಕ್ರಮವೆಸಗಿದ ಮೂರನೆಯ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದುಗೊಳಿಸಲಾಯಿತು. ಉಳಿದವುಗಳು ತಡೆಗೋಡೆ ಕಟ್ಟಿ, ಮಣ್ಣಿನ ರಾಶಿಗಳ ಇಳಿಜಾರನ್ನು ಭದ್ರಪಡಿಸಿ, ಮಳೆನೀರಿನೊಡನೆ ಕೊಚ್ಚಿ ಬರುವ ಹೂಳನ್ನು ತಡೆದು, ಗಿಡ ನೆಟ್ಟು ಗುಡ್ಡವನ್ನು ಸರಿಪಡಿಸುವ ಯೋಜನೆಯನ್ನು ಒಪ್ಪಿದ ಮೇಲೆಯೇ ಕೆಲಸ ಆರಂಭಿಸಬೇಕಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಬಳ್ಳಾರಿಗೆ ವರ್ಷಕ್ಕೆ 250 ಲಕ್ಷ ಟನ್, ಉಳಿದೆರಡು ಜಿಲ್ಲೆಗಳಿಗೆ ಸೇರಿ 50 ಲಕ್ಷ ಟನ್ ಎಂಬ ಮೇಲ್ಮಿತಿಯನ್ನು ಗೊತ್ತುಪಡಿಸಲಾಯಿತು. ಆ ಮಿತಿಯನ್ನು ಮುಂದೆ ಏರಿಸಲಾಯಿತೆಂಬುದು ನಿಜ. ಆದರೂ ಭೂಮಿಯಿಂದ ಎಷ್ಟು ತೆಗೆಯಬಹುದೆಂಬುದನ್ನು ಮಾರುಕಟ್ಟೆಯ ಬೆಲೆಯೊಂದೇ ನಿರ್ಧರಿಸತಕ್ಕದ್ದಲ್ಲ, ಆ ನೆಲದ ತಾಳಿಕೆಯೂ ನಿರ್ಧರಿಸಬೇಕು ಎಂಬ ತತ್ತ್ವವು ಇಲ್ಲಿ ಸ್ಥಾಪಿತವಾಯಿತು. 2015ರಲ್ಲಿ ಗಣಿ ಕಾಯಿದೆಗೆ ತಂದ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಏರ್ಪಟ್ಟು, ರಾಜಧನದ ಜೊತೆಗೆ ಗಣಿಪೀಡಿತ ಹಳ್ಳಿಗಳಿಗಾಗಿಯೇ ಒಂದು ಪಾಲು ಸಲ್ಲತೊಡಗಿತು.

ನೆಲದವರ ಒಪ್ಪಿಗೆ

ಬಳ್ಳಾರಿಯ ತೀರ್ಪು ಹೊರಬಿದ್ದ ದಿನವೇ, ಅಂದರೆ 2013ರ ಏಪ್ರಿಲ್ 18ರಂದೇ, ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪೂ ಹೊರಬಿದ್ದಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟನ್ನು ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಅಲ್ಲಿನ ಗ್ರಾಮಸಭೆಗಳ ಮುಂದಿಡಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಆ ಬೆಟ್ಟವನ್ನು ದೈವವೆಂದು ಪೂಜಿಸುವ ಗಿರಿಜನರ ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು, ಗಣಿಯು ಬರಲಿಲ್ಲ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ವಿಷಯದಲ್ಲಿಯೂ ಜನರ ಧ್ವನಿಯೇ ಗೆದ್ದಿತು. 2016ರಲ್ಲಿ ಅದರ ಸಂರಕ್ಷಿತ ಸ್ಥಾನವನ್ನು ಹಿಂತೆಗೆದುಕೊಂಡಾಗ, ತೋಂಟದಾರ್ಯ ಮಠದ ಲಿಂಗೈಕ್ಯ ಜಗದ್ಗುರು ಸಿದ್ಧಲಿಂಗ ಮಹಾಸ್ವಾಮಿಗಳು ಜನರೊಡನೆ ಬೀದಿಗಿಳಿದು ಹೋರಾಡಿದರು. 2017ರಲ್ಲಿ ಆ ಸ್ಥಾನವು ಮರಳಿ ಬಂದು, 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಗುಡ್ಡವನ್ನು ಉಳಿಸುವುದೂ ಧರ್ಮಕಾರ್ಯವೇ ಎಂಬುದನ್ನು ಪೂಜ್ಯರು ಆಚರಿಸಿ ತೋರಿಸಿದರು.

ಈ ಹಿನ್ನೆಲೆಯಲ್ಲಿ ಇತ್ತೀಚಿನ ಒಂದು ಬೆಳವಣಿಗೆಯು ಚಿಂತೆಗೆ ಎಡೆಮಾಡಿದೆ. ಭಾರತ ಸರ್ಕಾರವು 2023ರಲ್ಲಿ ದೇಶಕ್ಕೆ ಅತ್ಯಾವಶ್ಯಕವಾದ 30 ಖನಿಜಗಳ ಪಟ್ಟಿಯನ್ನು ಪ್ರಕಟಿಸಿತು. 2025ರ ಜನವರಿಯಲ್ಲಿ ಅವುಗಳಿಗಾಗಿ 16,300 ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಯನ್ನು ಮಂಜೂರು ಮಾಡಿತು. ಪರರ ಮುಂದೆ ಕೈಯೊಡ್ಡದೆ ನಿಲ್ಲಬೇಕೆಂಬ ಆ ಸಂಕಲ್ಪವು ಸ್ತುತ್ಯವಾದುದು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂತಹ ಖನಿಜಗಳ ಗಣಿಗಳಿಗೆ ಪರಿಸರ ಅನುಮತಿ ಕೊಡುವಾಗ ಸಾರ್ವಜನಿಕ ಅಹವಾಲು ಸಭೆ ನಡೆಸುವುದರಿಂದ ವಿನಾಯಿತಿಯನ್ನೂ ನೀಡಲಾಯಿತು. ಅವಸರದ ಕಾರಣವು ತಿಳಿಯದ್ದೇನಲ್ಲ. ಆದರೂ ಬಾವಿಯ ನೀರು ಎಲ್ಲಿಂದ ಬರುತ್ತದೆ, ದನ ಎಲ್ಲಿ ಮೇಯುತ್ತವೆ, ಮಳೆಗಾಲದಲ್ಲಿ ಹಳ್ಳ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದನ್ನು ಆ ಊರಿನವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವನ ಮಾತನ್ನು ಮೊದಲೇ ಕೇಳದಿದ್ದರೆ, ಬಳ್ಳಾರಿಯಲ್ಲಾದಂತೆ ತಡವಾಗಿ ನ್ಯಾಯಾಲಯದಲ್ಲಿ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಗುಡ್ಡವು ಕರಗಿರುತ್ತದೆ.

ಬೇಕಾದಷ್ಟೇ

ಮಂಡ್ಯ ಜಿಲ್ಲೆಯ ಮರ್ಲಗಲ್ಲ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯವು ಪ್ರಾಥಮಿಕವಾಗಿ ಅಂದಾಜು ಮಾಡಿದೆ. ಈ ಸುದ್ದಿ ಬಂದಾಗ ನಾಡಿಗೆ ನಾಡೇ ಸಂಭ್ರಮಿಸಿತು. ಲೆಕ್ಕ ಹಾಕಿ ನೋಡೋಣ. ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋಗ್ರಾಂ ಲಿಥಿಯಂ ಬೇಕೆಂದು ಇಟ್ಟುಕೊಂಡರೆ, ಒಂದು ಚೂರೂ ಪೋಲಾಗದೆ ಅಷ್ಟನ್ನೂ ತೆಗೆದರೂ ಸಿದ್ಧವಾಗುವುದು ಎರಡು ಲಕ್ಷ ಕಾರುಗಳ ಬ್ಯಾಟರಿ. ನಮ್ಮ ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷಕ್ಕೂ ಹೆಚ್ಚು. ಎಂದಮೇಲೆ ಆ ನಿಧಿಯೆಲ್ಲವೂ ಮೂರು ವಾರಗಳ ಖರ್ಚಿಗೂ ಸಾಲದು!

ಆದುದರಿಂದ ಹೊಣೆಯು ಅಗೆಯುವವನದಷ್ಟೇ ಅಲ್ಲ, ಬಳಸುವವನದೂ ಹೌದು. ಮನೆಗೊಂದು ಕಾರಿನ ಬದಲು ಊರಿಗೊಂದು ವಿದ್ಯುತ್ ಬಸ್ಸು ಓಡಿದರೆ ಅದೇ ಲೋಹವು ನೂರಾರು ಜನರ ಸೇವೆಗೆ ಸಲ್ಲುತ್ತದೆ. ಕೆಟ್ಟುಹೋದ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆಯದೆ ಹಿಂದಿರುಗಿಸಿದರೆ, ಅದರೊಳಗಿನ ಕೋಬಾಲ್ಟ್, ನಿಕ್ಕಲ್, ತಾಮ್ರಗಳ ಬಹುಭಾಗವನ್ನು ಮರಳಿ ಪಡೆಯಬಹುದು. ತಯಾರಕರೇ ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಸಂಸ್ಕರಿಸಬೇಕೆಂಬ ನಿಯಮವು 2022ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಹೀಗೆ ದೊರೆಯುವ ಲೋಹಕ್ಕಾಗಿ ಯಾವ ಗುಡ್ಡವನ್ನೂ ಅಗೆಯಬೇಕಿಲ್ಲ, ಯಾವ ಮಗುವೂ ಮೂಟೆ ಹೊರಬೇಕಿಲ್ಲ.

ಲಿಥಿಯಂ ಶೋಧವು ನಡೆದಿರುವ ನಮ್ಮ ನಾಡಿನ ಇನ್ನೊಂದು ಸ್ಥಳವು ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಪರಿಸರ. ಹಟ್ಟಿಯ ಚಿನ್ನದ ಗಣಿಯೂ ಇದೇ ತಾಲ್ಲೂಕಿನಲ್ಲಿದೆ. ಅಮರೇಶ್ವರವೆಂದೊಡನೆ ಶರಣಸಂಕುಲವನ್ನು ಬಲ್ಲವರ ಮನಸ್ಸಿಗೆ ಬರುವುದು ಅಲ್ಲಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಅತಿಯಾಸೆ ನಮಗೇಕೆಂದು ಲಕ್ಕಮ್ಮ ತಡೆದು, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ, ದಾಸೋಹವೆಂಬ ಉದ್ದೇಶದಲ್ಲಿಯೂ ದೋಷವಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ಎತ್ತಿಕೊಂಡದ್ದೇ ದೋಷವಾಗಿತ್ತು.

ಉದ್ದೇಶವು ಪವಿತ್ರವಾಗಿದ್ದರೆ ಸಾಲದು, ಅದಕ್ಕಾಗಿ ತರುವ ವಸ್ತುವೂ ತರುವ ಮಾರ್ಗವೂ ಶುದ್ಧವಾಗಿರಬೇಕೆಂಬುದು ಕಾಯಕತತ್ತ್ವದ ಸಾರ. ಜಗತ್ತಿನ ತಾಪವನ್ನು ತಗ್ಗಿಸುವುದು ಇಂದಿನ ಯುಗದ ದೊಡ್ಡ ದಾಸೋಹ. ಅದಕ್ಕೆ ಬೇಕಾದ ಲೋಹವನ್ನು ಭೂತಾಯಿಯ ಮಡಿಲಿನಿಂದ ತೆಗೆಯೋಣ. ನೆಲದವರ ಒಪ್ಪಿಗೆ ಪಡೆದು, ನೀರನ್ನು ಕಾಯ್ದು, ದುಡಿಯುವವರಿಗೆ ನ್ಯಾಯ ಸಲ್ಲಿಸಿ, ತೋಡಿದ ಗುಂಡಿಯನ್ನು ಮುಚ್ಚಿ ಹಸಿರು ಹೊದಿಸುವ ಸಂಕಲ್ಪದೊಡನೆ ತೆಗೆಯೋಣ. ಈ ಶಾಲೆಯಿಂದ ಹೊರಡುವ ವಿದ್ಯಾರ್ಥಿಗಳಲ್ಲಿ ನಾಳೆ ಕೆಲವರು ಗಣಿಯ ಎಂಜಿನಿಯರರಾದಾರು, ಕೆಲವರು ಅಧಿಕಾರಿಗಳಾದಾರು, ಕೆಲವರು ಆ ಗಣಿಯ ಪಕ್ಕದ ಹೊಲವನ್ನೇ ಉಳುವ ರೈತರಾದಾರು. ಅಮರೇಶ್ವರದ ಗುಡ್ಡಕ್ಕೆ ಯಂತ್ರಗಳು ಬರುವ ದಿನವೊಂದು ಬಂದರೆ, ಲಕ್ಕಮ್ಮನು ಗಂಡನಿಗೆ ಹಾಕಿದ ಆ ಪ್ರಶ್ನೆಯನ್ನು ಅವರಲ್ಲಿ ಯಾರಾದರೊಬ್ಬರು ಮರೆಯದೆ ಕೇಳಲಿ.